ಸಾಲಗುಂದದ ಪಂಪ್‌ಸೆಟ್ ಇರುವ ಹಾಗೂ ಇಲ್ಲದಿರುವ ಬಗ್ಗೆ

ಕಾಲುವೆಯ ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬ ಸಂಗತಿ ಸಿಂಧನೂರು ಸೀಮೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದರೂ ಅದನ್ನು ಅಧಿಕೃತವಾಗಿ ಯಾರೂ ಸಾಬೀತು ಮಾಡಿರಲಿಲ್ಲ. ರೈತರು ಕಣ್ಣಾರೆ ಕಂಡಿದ್ದರು, ನಿಜ. ಆದರೆ ಕಣ್ಣಿಗೆ ಕಂಡದ್ದಕ್ಕೆ ಮೊಹರು ಇರುವುದಿಲ್ಲ.

ಈ ಕೊರತೆಯಿಂದ ಆಡಳಿತಕ್ಕೆ ಬಹಳ ತೊಂದರೆಯಾಗುತ್ತಿತ್ತು. ಭತ್ತದ ನಾಟಿ ಬಂತೆಂದರೆ ಸಾಕು, ಕಾಲುವೆಯ ಮೇಲ್ಭಾಗದವರು ನೀರು ಸಾಲುತ್ತಿಲ್ಲವೆಂದೂ ಕೆಳಭಾಗದವರು ನೀರೇ ಬರುತ್ತಿಲ್ಲವೆಂದೂ ಅರ್ಜಿ ಕೊಡುತ್ತಿದ್ದರು. ಯಾವ ಅರ್ಜಿಗೂ ಅಧಿಕಾರಿಗಳು ಹೌದು ಅನ್ನುವಂತಿರಲಿಲ್ಲ, ಅಲ್ಲ ಅನ್ನುವಂತಿರಲಿಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಮುಖಂಡ ಫೋನ್ ಮಾಡುತ್ತಿದ್ದ. ಕೊನೆಗೆ ನೆಂಟರಿಲ್ಲದ, ಫೋನ್ ಎತ್ತದ, ಯಾವ ಊರಿನವನೆಂದು ಕೇಳಿದರೆ ಹೇಳಲು ಬಾರದ ಯಂತ್ರವೇ ಇದನ್ನು ತೀರ್ಮಾನಿಸಲಿ ಎಂದು ಮೇಲಿನವರು ನಿರ್ಧರಿಸಿದರು. ಸಿಂಧನೂರಿನಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಮಹಡಿಯ ಮೇಲೆ ‘ಕಾಲುವೆ ತರ್ಕ ನಿರ್ಣಯ ಕೋಶ’ ಎಂಬ ಕಚೇರಿ ಬಾಗಿಲು ತೆರೆಯಿತು. ಲಿಂಗಸುಗೂರಿನ ವಿಭಾಗ ಕಚೇರಿಯಿಂದ ಗುರುಬಸವ ಎಂಬ ಸಾಹೇಬರು ವಿಶೇಷಾಧಿಕಾರಿಯಾಗಿ ಬಂದರು. ಮಸ್ಕಿಯಿಂದ ಶಾಹೀಸ್ತಾ ಎಂಬ ಹೆಣ್ಣುಮಗಳು ಗುತ್ತಿಗೆಯ ಮೇಲೆ ‘ದತ್ತಾಂಶ ಪರಿವರ್ತಕಿ’ಯಾಗಿ ಸೇರಿಕೊಂಡಳು.

ಶಾಹೀಸ್ತಾ ಕಂಪ್ಯೂಟರ್ ಓದಿದವಳು. ಮದುವೆಯಾಗಿ ಮಸ್ಕಿಗೆ ಬಂದ ಮೇಲೆ ಓದಿದ್ದೆಲ್ಲ ಗಂಡನ ಬಟ್ಟೆ ಅಂಗಡಿಯ ಬಿಲ್ಲು ಮುದ್ರಿಸುವುದರಲ್ಲೇ ಮುಗಿದುಹೋಗುತ್ತದೇನೋ ಎಂಬ ಅಂಜಿಕೆ ಅವಳಿಗಿತ್ತು. ಆದ್ದರಿಂದ ಈ ಕೆಲಸ ಸಿಕ್ಕಾಗ ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಸಿಂಧನೂರಿಗೆ ಬರುವುದನ್ನೂ ಸಂತೋಷವೆಂದೇ ಭಾವಿಸಿದಳು. ಕೆಲಸವಾದರೂ ಮನಸ್ಸಿಗೆ ಹಿಡಿಸುವಂಥದ್ದೇ. ಯಾವುದೋ ಕಂಪನಿ ಕಾಲುವೆಯ ಜಾಲವನ್ನೆಲ್ಲ ಕಂಪ್ಯೂಟರಿನಲ್ಲಿ ಚುಕ್ಕಿ ಮತ್ತು ಗೆರೆಗಳಾಗಿ ಬರೆದುಕೊಟ್ಟಿತ್ತು. ಇದಕ್ಕೆ ಗ್ರಾಫ್ ಎನ್ನುತ್ತಾರೆ. ನೋಡಲಿಕ್ಕೆ ಅಂಗಳದ ಚುಕ್ಕಿ ರಂಗೋಲಿಯ ಹಾಗೇ ಇತ್ತು: ಒಂದೊಂದು ಚುಕ್ಕಿ ಒಂದೊಂದು ತೂಬು, ತೂಬಿನಿಂದ ತೂಬಿಗೆ ಎಳೆದ ಗೆರೆ ಕಾಲುವೆ. ಆದರೆ ತರ್ಕ ಮಾಡುವ ಯಂತ್ರಕ್ಕೆ ರಂಗೋಲಿ ಅರ್ಥವಾಗುವುದಿಲ್ಲ. ಅದಕ್ಕೆ ಅರ್ಥವಾಗುವುದು ವಾಕ್ಯ ಮಾತ್ರ. ಆದ್ದರಿಂದ ಪ್ರತಿಯೊಂದು ಗೆರೆಯನ್ನೂ ‘ಇಂಥ ತೂಬಿನಿಂದ ಇಂಥ ತೂಬಿಗೆ ನೀರು ಹೋಗುತ್ತದೆ’ ಎಂಬ ವಾಕ್ಯವಾಗಿ ಬದಲಾಯಿಸಬೇಕು. ಅದರ ಜೊತೆಗೆ ‘ಒಂದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ನೀರು ಹೋದರೆ, ಒಂದರಿಂದ ಮೂರನೆಯದಕ್ಕೂ ಹೋಯಿತೆಂದು ತಿಳಿಯತಕ್ಕದ್ದು’ ಎಂಬಂಥ ನಿಯಮಗಳನ್ನು ಕೊಡಬೇಕು. ಆಮೇಲೆ ಏನು ಕೇಳಿದರೂ ಯಂತ್ರ ವಾಕ್ಯಕ್ಕೆ ವಾಕ್ಯ ಜೋಡಿಸಿ ನೋಡಿ, ‘ಸಾಬೀತು’ ಅಥವಾ ‘ಸಾಬೀತಿಲ್ಲ’ ಎನ್ನುತ್ತದೆ. ಅದು ಹೇಳಿದ್ದೇ ತೀರ್ಪು.

ಶಾಹೀಸ್ತಾ ಮೊದಲ ಗೆರೆಯನ್ನು ಬದಲಾಯಿಸಲು ಕುಳಿತಾಗಲೇ ಒಂದು ತೊಡಕು ಕಂಡಿತು. ಗೆರೆಗಳಿಗೆ ಬಾಣದ ಗುರುತು ಇರಲಿಲ್ಲ. ಸಾಲಗುಂದದ ತೂಬಿಗೂ ಬಳಗಾನೂರಿನ ತೂಬಿಗೂ ನಡುವೆ ಗೆರೆಯೇನೋ ಇತ್ತು. ನೀರು ಎಲ್ಲಿಂದ ಎಲ್ಲಿಗೆ ಎಂಬುದು ಇರಲಿಲ್ಲ. ಕಂಪನಿಯವರನ್ನು ವಿಚಾರಿಸಿದಾಗ ಬಾಣ ಎಳೆಯುವುದು ಬೇರೆ ಟೆಂಡರಿಗೆ ಸೇರಿದ್ದೆಂದೂ ಆ ಟೆಂಡರು ಇನ್ನೂ ಕರೆದಿಲ್ಲವೆಂದೂ ತಿಳಿದುಬಂತು. ಅವಳು ಗುರುಬಸವ ಸಾಹೇಬರ ಬಳಿ ಹೋಗಿ, ಸಾಲಗುಂದ ಮೇಲಿದೆ, ಬಳಗಾನೂರು ಕೆಳಗಿದೆ, ಹಾಗೇ ಬರೆದುಬಿಡಲೇ ಎಂದು ಕೇಳಿದಳು.

ಗುರುಬಸವ ಸಾಹೇಬರು ಸರ್ಕಾರವನ್ನು ನಾಚಿಕೆ ಸ್ವಭಾವದ ಹಿರಿಯರೊಬ್ಬರ ಹಾಗೆ ಕಂಡು ಮಾತಾಡುವವರು.

“ನೋಡಮ್ಮಾ, ಒಂದ ಕಡಿಗೆ ಬರದ್ರ ಸರ್ಕಾರ ಒಬ್ಬರ ಪರ ನಿಂತಂಗ ಆಗ್ತದ. ಸರ್ಕಾರಕ್ಕ ಮುಜುಗರ ಆಗ್ತದ. ಎರಡೂ ಕಡಿಗೆ ಬರಿ.”

ಅವಳು ಎರಡೂ ಕಡೆಗೆ ಬರೆದಳು. ಸಾಲಗುಂದದಿಂದ ಬಳಗಾನೂರಿಗೆ ನೀರು ಹೋಗುತ್ತದೆ. ಬಳಗಾನೂರಿನಿಂದ ಸಾಲಗುಂದಕ್ಕೂ ಹೋಗುತ್ತದೆ. ಇಡೀ ಕಾಲುವೆಯನ್ನು ಹೀಗೆ ನಿಷ್ಪಕ್ಷಪಾತವಾಗಿ ಪರಿವರ್ತಿಸಿ ಮುಗಿಸುವಷ್ಟರಲ್ಲಿ ನಾಟಿಯ ದಿನಗಳು ಬಂದವು.

ಮೊದಲ ಅರ್ಜಿ ಬಳಗಾನೂರಿನ ಸಂಗಮ್ಮನದು. ಕಾಲುವೆಯ ಕಟ್ಟಕಡೆಯ ತೂಬಿನ ಕೆಳಗೆ ಅವಳ ಗದ್ದೆ. ತಾನೇ ಬದುವಿನ ಮೇಲೆ ನಿಂತು ಬೇಸಾಯ ಮಾಡಿಸುವ ಹೆಂಗಸು. ಆಳುಗಳು ಅವಳ ಕೆಮ್ಮು ಕೇಳಿದರೇ ಬೇಗ ಬೇಗ ಕೈ ಆಡಿಸುತ್ತಿದ್ದರು. ಅವಳು ಒದ್ದೆ ಗೋಣಿಯಲ್ಲಿ ಒಂದು ಹಿಡಿ ಭತ್ತದ ಸಸಿ ಸುತ್ತಿಕೊಂಡು ಬಂದು ಶಾಹೀಸ್ತಾಳ ಮೇಜಿನ ಮೇಲೆ ಬಿಚ್ಚಿದಳು. ತುದಿಗಳು ಹಳದಿಗೆ ತಿರುಗಿದ್ದವು. ಮಡಿಯಲ್ಲಿ ಸಸಿ ಮುದಿಯಾಗುತ್ತಿದೆ, ಸಾಲಗುಂದದ ಚನ್ನವೀರ ಕಾಲುವೆಗೇ ಪಂಪ್‌ಸೆಟ್ ಇಳಿಬಿಟ್ಟು ನೀರನ್ನೆಲ್ಲ ಎತ್ತಿಕೊಳ್ಳುತ್ತಿದ್ದಾನೆ, ಇನ್ನೊಂದು ವಾರ ಹೀಗೇ ಹೋದರೆ ಈ ಸಸಿ ದನಕ್ಕೆ ಹಾಕಬೇಕು ಎಂದು ಹೇಳಿದಳು.

ಶಾಹೀಸ್ತಾ ಯಂತ್ರವನ್ನು ಕೇಳಿದಳು. ನೀರು ಸಾಲಗುಂದದಿಂದ ಬಳಗಾನೂರಿಗೆ ಹೋಗತಕ್ಕದ್ದೇ? ಸಾಬೀತು. ಸಂಗಮ್ಮನ ಮುಖ ಅರಳಿತು. ಆದರೆ ಅದೇ ಮಧ್ಯಾಹ್ನ ಚನ್ನವೀರನೂ ಬಂದು, ಬಳಗಾನೂರಿನಿಂದ ಸಾಲಗುಂದಕ್ಕೆ ನೀರು ಹೋಗತಕ್ಕದ್ದೇ ಎಂದು ಕೇಳಿಸಿದ. ಅದೂ ಸಾಬೀತಾಯಿತು. ಚನ್ನವೀರ ಊರಿಗೆ ದೊಡ್ಡವನು, ಬಿಳಿ ಅಂಗಿಗೆ ಧೂಳು ಕೂತರೆ ಧೂಳನ್ನೇ ಗದರಿಸುವಂಥವನು. ಹಾಗಾದರೆ ಇಷ್ಟು ದಿನ ಬಳಗಾನೂರಿನವರು ತಮಗೆ ಬರಬೇಕಾದ ನೀರನ್ನು ತಡೆದಿದ್ದಾರೆ ಎಂದ. ಗುರುಬಸವ ಸಾಹೇಬರಿಗೆ ಆ ಮಾತಿನಲ್ಲಿ ತರ್ಕದೋಷ ಕಾಣಲಿಲ್ಲ. ಮರುದಿನವೇ ಸಂಗಮ್ಮನಿಗೆ ನೋಟಿಸು ಹೋಯಿತು:

‘ತಮ್ಮ ಗ್ರಾಮದ ಕೊನೆಯ ತೂಬಿನಿಂದ ಸಾಲಗುಂದದ ಕಡೆಗೆ ಹರಿಯತಕ್ಕ ನೀರನ್ನು ತಾವು ತಡೆಹಿಡಿದಿರುವುದು ತರ್ಕಬದ್ಧವಾಗಿ ಕಂಡುಬಂದಿದ್ದು, ಸದರಿ ನೀರನ್ನು ಕೂಡಲೇ ಬಿಡುಗಡೆಗೊಳಿಸುವುದು. ತಪ್ಪಿದಲ್ಲಿ ನೀರು ತಮ್ಮಲ್ಲಿಯೇ ಇದೆಯೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.’

ಸಂಗಮ್ಮ ಆ ನೋಟಿಸನ್ನು ಹಿಡಿದುಕೊಂಡು ಮತ್ತೆ ಮಹಡಿ ಹತ್ತಿದಳು. ಸಿಟ್ಟಿನಿಂದ ಬಂದಿದ್ದಳೋ ಏನೋ, ಆದರೆ ದನಿ ಎತ್ತಲಿಲ್ಲ. “ನೀರು ನನ್ನ ಹತ್ರ ಐತಿ ಅಂತ ಬರದೀರಿ. ಎಲ್ಲೈತಿ ಅಂತ ತೋರಿಸ್ರಿ ಸಾಹೇಬ್ರ. ಕೊಡದಾಗ ಹೊತ್ಕೊಂಡು ಹೋಗಿ ಸಾಲಗುಂದಕ್ಕ ಹಾಕಿ ಬರ್ತೀನಿ.” ಸಾಹೇಬರು, ನೀರನ್ನು ತೋರಿಸುವುದು ಕೋಶದ ವ್ಯಾಪ್ತಿಗೆ ಬರುವುದಿಲ್ಲ, ಸಾಬೀತು ಮಾಡುವುದಷ್ಟೇ ಬರುತ್ತದೆ ಎಂದು ಸಮಾಧಾನದಿಂದ ತಿಳಿಸಿದರು.

ತಾನು ಬರೆದ ವಾಕ್ಯದಿಂದಲೇ ಆ ಹೆಂಗಸಿಗೆ ನೋಟಿಸು ಹೋಗಿದೆ ಎಂಬುದು ಶಾಹೀಸ್ತಾಳನ್ನು ಚುಚ್ಚುತ್ತಿತ್ತು. ಸಾಹೇಬರ ಬಳಿ ಹೋಗಿ, ಕೆಳಗಿನಿಂದ ಮೇಲಕ್ಕೆ ಎಂದು ಬರೆದ ವಾಕ್ಯಗಳನ್ನೆಲ್ಲ ಅಳಿಸಿಬಿಡುತ್ತೇನೆ ಎಂದಳು. ಸರ್ಕಾರಿ ದತ್ತಾಂಶವನ್ನು ಅಳಿಸಬೇಕಾದರೆ ಲಿಂಗಸುಗೂರಿನ ಮಂಜೂರಾತಿ ಬೇಕು, ಅಲ್ಲಿಂದ ಕಡತ ಮೇಲಕ್ಕೆ ಹೋಗಬೇಕು, ಕಡತ ಮೇಲಕ್ಕೆ ಹೋಗುವುದು ನೀರು ಮೇಲಕ್ಕೆ ಹೋಗುವುದಕ್ಕಿಂತ ನಿಧಾನ ಎಂದು ಅವರು ಹೇಳಿದರು. ಆದರೆ ಹೊಸದಾಗಿ ಸೇರಿಸುವುದಕ್ಕೆ ಯಾರ ಅನುಮತಿಯೂ ಬೇಡವೆಂದರು. ಯಾಕೆಂದರೆ ಸೇರಿಸುವುದನ್ನು ಪ್ರಗತಿ ಎನ್ನುತ್ತಾರೆ.

ಹಾಗಾಗಿ ಶಾಹೀಸ್ತಾ ಏನನ್ನೂ ಅಳಿಸದೆ ಒಂದೇ ಒಂದು ಹೊಸ ನಿಯಮ ಸೇರಿಸಿದಳು: ‘ಒಂದು ತೂಬಿನಿಂದ ಇನ್ನೊಂದಕ್ಕೆ ನೀರು ಹೋಗುತ್ತಿದ್ದರೆ, ಆ ಇನ್ನೊಂದರಿಂದ ಮೊದಲಿನದಕ್ಕೆ ಹೋಗುವುದಿಲ್ಲ.’ ಇದರಿಂದ ಸುಳ್ಳು ವಾಕ್ಯಗಳು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತವೆ ಎಂದು ಅವಳ ಎಣಿಕೆ. ಆಮೇಲೆ ಪರೀಕ್ಷೆಗೆಂದು ಯಂತ್ರವನ್ನು ಕೇಳಿದಳು. ಬಳಗಾನೂರಿನ ಕೊನೆಯ ತೂಬಿಗೆ ನೀರು ಬಂದಿದೆಯೇ? ಸಾಬೀತು. ಅವಳಿಗೆ ಖುಷಿಯಾಯಿತು. ಬಂದಿಲ್ಲವೇ? ಅದೂ ಸಾಬೀತು. ಕೊನೆಗೆ ಅವಳು, ಗುರುಬಸವ ಸಾಹೇಬರು ಒಂದು ತೂಬೇ ಎಂದು ಕೇಳಿದಳು. ಅದೂ ಸಾಬೀತಾಯಿತು.

ಓದುವಾಗ ಮೇಷ್ಟರೊಬ್ಬರು ಹೇಳಿದ್ದು ಅವಳಿಗೆ ನೆನಪಿತ್ತು. ತರ್ಕದ ಯಂತ್ರದ ಹೊಟ್ಟೆಯೊಳಗೆ ಒಂದು ಮಾತು ಮತ್ತು ಅದರ ವಿರುದ್ಧದ ಮಾತು ಎರಡೂ ನಿಜವೆಂದು ಕುಳಿತುಬಿಟ್ಟರೆ, ಆಮೇಲೆ ಆ ಯಂತ್ರ ಜಗತ್ತಿನ ಯಾವ ಮಾತನ್ನು ಬೇಕಾದರೂ ಸಾಬೀತು ಮಾಡುತ್ತದೆ. ಅದು ಕೆಟ್ಟಿದೆ ಎಂದಲ್ಲ. ಅದು ನಿಯಮದ ಪ್ರಕಾರವೇ ನಡೆಯುತ್ತಿರುತ್ತದೆ. ಅವಳು ಹೋಗಿ ಸಾಹೇಬರಿಗೆ ಎಲ್ಲವನ್ನೂ ವಿವರಿಸಿದಳು. ತೂಬಿನ ವಿಚಾರವೊಂದನ್ನು ಬಿಟ್ಟಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅಂದ್ರ ಇನ್ನ ಮ್ಯಾಲ ಯಾವ ಅರ್ಜಿನೂ ತಿರಸ್ಕಾರ ಆಗಂಗಿಲ್ಲ ಅನ್ನು.”

“ಇಲ್ರೀ. ಕೇಳಿದ್ದೆಲ್ಲಾ ಸಾಬೀತ ಆಗ್ತದ್ರೀ.”

“ಬಾಕಿ ಅರ್ಜಿ?”

“ಒಂದೂ ಉಳಿಯಂಗಿಲ್ರೀ.”

ಗುರುಬಸವ ಸಾಹೇಬರ ಸೇವಾವಧಿಯಲ್ಲಿ ಇಂಥ ಮಾತನ್ನು ಯಾವ ನೌಕರರೂ ಹೇಳಿರಲಿಲ್ಲ. ಅವರ ಕಣ್ಣು ತೇವವಾಯಿತು. ಆ ಸಂಜೆಯೇ ಅವರು, ಪರಿವರ್ತನೆ ಯಶಸ್ವಿಯಾಗಿ ಪೂರ್ಣಗೊಂಡಿದೆಯೆಂದು ಲಿಂಗಸುಗೂರಿಗೆ ವರದಿ ಕಳಿಸಿ, ಕಚೇರಿಗೆಲ್ಲ ಮಿರ್ಚಿ ಬಜ್ಜಿ ಮತ್ತು ಮಂಡಕ್ಕಿ ಒಗ್ಗರಣೆ ತರಿಸಿದರು.

ಮರುದಿನದಿಂದ ಕೋಶದ ಮುಂದೆ ಜನ ಸಾಲುಗಟ್ಟಿದರು. ಕೇಳಿದವರಿಗೆಲ್ಲ ‘ಸಾಬೀತು ಪತ್ರ’ ದೊರೆಯತೊಡಗಿತು. ಮುಕ್ಕುಂದದ ಒಬ್ಬ ತನ್ನ ಹೊಲದ ಬದು ಪಕ್ಕದವನ ಹೊಲದ ನಡುವೆ ಇದೆಯೆಂದು ಸಾಬೀತು ಮಾಡಿಸಿಕೊಂಡು ಹೋದ. ಪಕ್ಕದವನು ಬಂದು, ತನ್ನ ಹೊಲಕ್ಕೆ ಬದುವೇ ಇಲ್ಲವೆಂದು ಮಾಡಿಸಿಕೊಂಡ. ಇಬ್ಬರೂ ಕೆಳಗಿನ ಹೋಟೆಲಿನಲ್ಲಿ ಪತ್ರಗಳನ್ನು ಅದಲುಬದಲು ಮಾಡಿ ನೋಡಿ, ಚೆನ್ನಾಗಿ ಬಂದಿದೆ ಎಂದು ಹೊಗಳಿಕೊಂಡು ಚಹಾ ಕುಡಿದರು. ಹಾಜರಾತಿ ಸಾಲದ ಮೇಷ್ಟರು, ಇಲ್ಲದ ರಸ್ತೆಗೆ ಡಾಂಬರು ಹಾಕಿದ್ದ ಗುತ್ತಿಗೆದಾರರು, ತಮಗೆ ಇನ್ನೂ ವಯಸ್ಸಾಗಿಲ್ಲವೆಂದು ನಂಬಿದ್ದ ಮುಖಂಡರು, ಎಲ್ಲರೂ ಬಂದರು. ಯಾರೂ ಬರಿಗೈಯಲ್ಲಿ ಹೋಗಲಿಲ್ಲ.

ಸಂಗಮ್ಮನಿಗೂ ಒಂದು ಪತ್ರ ಹೋಯಿತು. ಬಳಗಾನೂರಿನ ಕೊನೆಯ ತೂಬಿಗೆ ನೀರು ತಲುಪಿರುವುದು ಸಾಬೀತಾಗಿರುವುದರಿಂದ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ನೀರನ್ನು ಮಿತವಾಗಿ ಬಳಸುವುದು, ಎಂದು ಅದರಲ್ಲಿತ್ತು.

ಶಾಹೀಸ್ತಾ ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡು ನೊಂದಳು. ಅವಳ ಅತ್ತೆ ಸರ್ದಾರಬಿ ಅಕ್ಕಿ ಆರಿಸುತ್ತ ಕೇಳಿಸಿಕೊಂಡು, ಇದರಲ್ಲಿ ಹೊಸದೇನಿದೆ ಎಂದಳು. ನಿನ್ನ ಮಾವ ಜೀವಂತ ಇದ್ದಾಗ ಬೆಳಿಗ್ಗೆ ಒಂದು ಮಾತು, ಸಂಜೆ ಅದರ ಉಲ್ಟಾ ಮಾತು ಹೇಳುತ್ತಿದ್ದರು, ಎರಡಕ್ಕೂ ನಾನು ಹೂಂ ಅನ್ನುತ್ತಿದ್ದೆ, ಸಂಸಾರ ನಡೆಯಲಿಲ್ಲವೇ ಎಂದು ಕೇಳಿದಳು. ಶಾಹೀಸ್ತಾಳಿಗೆ ಸಮಾಧಾನವಾಗಲಿಲ್ಲ. ರವಿವಾರ ರಜೆ ಇತ್ತು. ಅವಳು ಬಳಗಾನೂರಿನ ಬಸ್ಸು ಹತ್ತಿದಳು.

ಕೊನೆಯ ತೂಬಿನ ಹತ್ತಿರ ಕಾಲುವೆಯ ತಳ ಬಿರುಕುಬಿಟ್ಟಿತ್ತು. ಏಡಿಗಳು ತೂತಿನ ಬಾಯಿಗೆ ಬಂದು ಒಳಕ್ಕೆ ಹೋಗುತ್ತಿದ್ದವು. ಸಂಗಮ್ಮ ತನಗೆ ಬಂದ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಒಂದು ಬಿದಿರುಗಳಕ್ಕೆ ಕಟ್ಟಿ ಕಾಲುವೆಯ ನಡುವೆ ನೆಟ್ಟಿದ್ದಳು. ಯಾಕೆಂದು ಶಾಹೀಸ್ತಾ ಕೇಳಿದಾಗ, “ನೀರಿಗೆ ಗೊತ್ತಾಗ್ಲಿ ಅಂತವ್ವಾ. ಬಂದೀನಿ ಅನ್ನೋದು ಅದಕ್ಕ ಯಾರೂ ಹೇಳಿದಂಗಿಲ್ಲ” ಎಂದಳು.

ಇಬ್ಬರೂ ಬದುವಿನ ಮೇಲೆ ಕುಳಿತರು. ಪಕ್ಕದಲ್ಲೇ ಸಸಿಮಡಿ. ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬರುತ್ತಿತ್ತು. ಶಾಹೀಸ್ತಾ ತನ್ನ ತಪ್ಪನ್ನು ಬಿಚ್ಚಿ ಹೇಳಿದಳು: ಗೆರೆಯನ್ನು ಎರಡೂ ಕಡೆಗೆ ಬರೆದದ್ದು, ಮೇಲೊಂದು ನಿಯಮ ಸೇರಿಸಿದ್ದು, ಈಗ ಯಂತ್ರ ಯಾವುದಕ್ಕೂ ಇಲ್ಲ ಅನ್ನದಿರುವುದು. ಸಂಗಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದಳು. ಅವಳು ಬಯ್ಯಲಿಲ್ಲ. ಸಾಲಗುಂದದ ದಿಕ್ಕಿಗೆ ನೋಡುತ್ತ ಕೇಳಿದಳು.

“ಐತಿ ಅನ್ನೋದಷ್ಟ ಸಾಬೀತ ಆಗ್ತದೋ, ಇಲ್ಲ ಅನ್ನೋದೂ ಆಗ್ತದೋ?”

“ಇಲ್ಲ ಅನ್ನೋದೂ ಆಗ್ತದ.”

“ಹಂಗಾದ್ರ ನಾಳೆ ಬರ್ತೀನಿ.”

ಸೋಮವಾರ ಸಂಗಮ್ಮ ಬಂದು, ‘ಸಾಲಗುಂದದ ಕಾಲುವೆಯ ಮೇಲೆ ಚನ್ನವೀರನ ಪಂಪ್‌ಸೆಟ್ ಎಂಬುದು ಇರುವುದಿಲ್ಲ’ ಎಂದು ಸಾಬೀತು ಮಾಡಿಸಿದಳು. ಶಾಹೀಸ್ತಾ ಮೊಹರನ್ನು ಎಂದಿಗಿಂತ ಗಟ್ಟಿಯಾಗಿ ಒತ್ತಿದಳು. ಆ ಪತ್ರ ಹಿಡಿದುಕೊಂಡು ಸಂಗಮ್ಮ ನೇರವಾಗಿ ಆ ಭಾಗದ ಲೈನ್‌ಮನ್ ಅಂಬಪ್ಪನ ಮನೆಗೆ ಹೋದಳು. ಅಂಬಪ್ಪ ನಿಯಮಕ್ಕೆ ಅಂಜುವ ಮನುಷ್ಯ. ಪತ್ರವನ್ನು ಮೇಲಿನಿಂದ ಕೆಳಕ್ಕೆ ಓದಿ ಗಾಬರಿಯಾದ. ಇಲ್ಲದ ಪಂಪಿಗೆ ಇಷ್ಟು ದಿನ ಕರೆಂಟು ಹರಿಸಿದ್ದು ಮೇಲಿನವರಿಗೆ ತಿಳಿದರೆ ತನ್ನ ನೌಕರಿ ಉಳಿಯುವುದಿಲ್ಲ ಎಂದು ಒಂದು ಗಳಿಗೆಯೂ ತಡಮಾಡದೆ ಸೈಕಲ್ ಹತ್ತಿ ಹೋಗಿ ತಂತಿ ಬಿಚ್ಚಿದ. ಚನ್ನವೀರನ ಆಳು ಬಂದು, ಪಂಪು ಇಲ್ಲೇ ಇದೆಯಲ್ಲ, ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದನಂತೆ. ಕಾಣುತ್ತದೆ, ಆದರೆ ತಾನು ಕಂಡದ್ದನ್ನು ಇಲಾಖೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಅಂಬಪ್ಪ ಉತ್ತರಿಸಿದನಂತೆ.

ಮಂಗಳವಾರ ಹೊತ್ತು ಏರುವುದರೊಳಗೆ ನೀರು ಬಳಗಾನೂರಿನ ಕೊನೆಯ ತೂಬಿಗೆ ಬಂತು. ಮೊದಲು ಕಸಕಡ್ಡಿ ತಳ್ಳಿಕೊಂಡು, ಆಮೇಲೆ ಕೆಂಪಗೆ, ಆಮೇಲೆ ತಿಳಿಯಾಗಿ. ಸಂಗಮ್ಮ ನಾಟಿಯ ಹೆಣ್ಣಾಳುಗಳನ್ನು ಗದ್ದೆಗೆ ಇಳಿಸಿ, ತಾನೂ ಸೀರೆ ಎತ್ತಿ ಕಟ್ಟಿ ಇಳಿದಳು. ಕೆಸರಿನಲ್ಲಿ ನಿಂತೇ ಶಾಹೀಸ್ತಾಳಿಗೆ ಫೋನ್ ಹಚ್ಚಿ, ಏನೂ ಮಾತಾಡದೆ, ಫೋನನ್ನು ತೂಬಿನ ಬಾಯಿಗೆ ಹಿಡಿದಳು. ಶಾಹೀಸ್ತಾ ಕಚೇರಿಯ ಕಿಟಕಿಯ ಹತ್ತಿರ ನಿಂತು ನೀರಿನ ಸದ್ದು ಕೇಳಿದಳು. ಮುಂದಿನ ಅರ್ಜಿದಾರ ಎರಡು ಸಲ ಕೆಮ್ಮಿದ ಮೇಲೆ ಬಂದು ಕುರ್ಚಿಯಲ್ಲಿ ಕುಳಿತಳು.

ಚನ್ನವೀರ ಸುಮ್ಮನಿರಲಿಲ್ಲ. ಬುಧವಾರ ಬಂದು ತನ್ನ ಪಂಪ್‌ಸೆಟ್ ಇದೆಯೆಂದು ಸಾಬೀತು ಮಾಡಿಸಿದ. ಅಂಬಪ್ಪ ತಂತಿ ಜೋಡಿಸಿದ. ಸಂಗಮ್ಮ ಇಲ್ಲವೆಂದು ಮತ್ತೊಮ್ಮೆ ಮಾಡಿಸಿದಳು. ಅಂಬಪ್ಪ ಬಿಚ್ಚಿದ. ಹೀಗೆ ಕಂಬ ಹತ್ತಿ ಇಳಿದು ಅಂಬಪ್ಪನಿಗೆ ಸೊಂಟ ಹಿಡಿಯಿತು. ಅವನು ಗುರುಬಸವ ಸಾಹೇಬರ ಮುಂದೆ ಕೈಮುಗಿದು, ಪಂಪು ಇರುವುದೋ ಇಲ್ಲದಿರುವುದೋ ಯಾವುದಾದರೂ ತನಗೆ ಒಪ್ಪಿಗೆಯೇ, ಆದರೆ ದಿನಗಳನ್ನು ಗೊತ್ತು ಮಾಡಿಕೊಡಬೇಕು ಎಂದು ಬೇಡಿಕೊಂಡ. ಸಾಹೇಬರು ಲಿಂಗಸುಗೂರಿನೊಂದಿಗೆ ಪತ್ರವ್ಯವಹಾರ ನಡೆಸಿ ಈ ಆದೇಶ ಹೊರಡಿಸಿದರು:

‘ಒಂದೇ ವಸ್ತುವಿನ ಇರುವಿಕೆ ಹಾಗೂ ಇಲ್ಲದಿರುವಿಕೆ ಎರಡೂ ಸಾಬೀತಾದ ಪ್ರಕರಣಗಳಲ್ಲಿ, ಸದರಿ ವಸ್ತುವು ಸೋಮವಾರದಿಂದ ಬುಧವಾರದವರೆಗೆ ಇರತಕ್ಕದ್ದು, ಗುರುವಾರದಿಂದ ಶನಿವಾರದವರೆಗೆ ಇಲ್ಲದಿರತಕ್ಕದ್ದು. ರವಿವಾರ ಸಾರ್ವತ್ರಿಕ ರಜೆಯಾದ ಕಾರಣ ಅದು ಏನೂ ಆಗಿರತಕ್ಕದ್ದಲ್ಲ.’

ಅಂದಿನಿಂದ ಅರ್ಧ ವಾರ ಸಾಲಗುಂದಕ್ಕೆ, ಅರ್ಧ ವಾರ ಬಳಗಾನೂರಿಗೆ ನೀರು ಸಿಗತೊಡಗಿತು. ರವಿವಾರ ಏನೂ ಆಗಿರದ ಪಂಪು ನೀರು ಎತ್ತುವುದು ಸಾಧ್ಯವಿಲ್ಲದ್ದರಿಂದ ಆ ದಿನದ ನೀರೂ ಕೆಳಕ್ಕೇ ಬಂತು. ಚನ್ನವೀರ ಮೊದಮೊದಲು ಗೊಣಗಿದ. ಆದರೆ ಇರುವ ದಿನಗಳಲ್ಲಿ ಅವನ ಪಂಪು ಕಾನೂನುಬದ್ಧವಾಗಿ ಇತ್ತು. ಹಿಂದೆ ಅದು ಕದ್ದು ಇತ್ತು. ಈ ಗೌರವ ಅವನಿಗೆ ಹಿಡಿಸಿತು.

ಭತ್ತ ತೆನೆ ಬಿಡುವ ಹೊತ್ತಿಗೆ ಒಂದು ಆತಂಕ ಎದುರಾಯಿತು. ಕೋಶದ ಸಾಧನೆಯನ್ನು ಬೇರೆ ತಾಲೂಕುಗಳಿಗೂ ವಿಸ್ತರಿಸಬೇಕೆಂದು ಅಧ್ಯಯನಕ್ಕೆ ಬಂದ ತಜ್ಞರ ತಂಡವೊಂದು ಶಾಹೀಸ್ತಾಳ ವಾಕ್ಯಗಳನ್ನು ಓದಿ, ಇದರಲ್ಲಿ ಒಂದು ಮಾತಿಗೆ ಇನ್ನೊಂದು ಮಾತಿನ ವಿರೋಧವಿದೆ, ಇದನ್ನು ತೆಗೆಯಬೇಕು ಎಂದು ಹೇಳಿಬಿಟ್ಟಿತು. ಲಿಂಗಸುಗೂರಿನಲ್ಲಿ ವಿಚಾರಣೆ ಗೊತ್ತಾಯಿತು. ಅಳಿಸಲು ಮಂಜೂರಾತಿ ಸಿಗುವ ಸಂಭವ ಮೊದಲ ಸಲ ಉಂಟಾಗಿತ್ತು. ಶಾಹೀಸ್ತಾಳಿಗೆ ಒಳಗೊಳಗೇ ನಿರಾಳವೆನಿಸಿತು. ತನ್ನ ತಪ್ಪು ತಿದ್ದಿಹೋಗುತ್ತದೆ, ಗೆರೆಗಳಿಗೆ ಬಾಣ ಬರುತ್ತದೆ, ಯಂತ್ರ ಇನ್ನಾದರೂ ಸರಿಯಾಗಿ ಯೋಚಿಸುತ್ತದೆ ಎಂದುಕೊಂಡು ಅವಳು ವಿಚಾರಣೆಗೆ ಹೋದಳು.

ಲಿಂಗಸುಗೂರಿನ ಕಚೇರಿಯ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ‘ವಿರೋಧ ಉಳಿಸಿ ಹೋರಾಟ ಸಮಿತಿ’ ಎಂದು ಬರೆದ ಬಟ್ಟೆಯ ಕೆಳಗೆ ಮುಕ್ಕುಂದದ ಬದುವಿನವರು, ಮೇಷ್ಟರು, ಗುತ್ತಿಗೆದಾರರು ಎಲ್ಲರೂ ಇದ್ದರು. ಮುಂದಿನ ಟ್ರ್ಯಾಕ್ಟರಿನಲ್ಲಿ ಚನ್ನವೀರನೂ ಸಂಗಮ್ಮನೂ ಅಕ್ಕಪಕ್ಕ ಕುಳಿತಿದ್ದರು. ಸಮಿತಿಗೆ ಇಬ್ಬರೂ ಅಧ್ಯಕ್ಷರು. ವಾರದ ಮೊದಲರ್ಧ ಅವನು, ಕೊನೆಯರ್ಧ ಅವಳು. ಅವತ್ತು ಶುಕ್ರವಾರವಾದ್ದರಿಂದ ಮನವಿಯನ್ನು ಸಂಗಮ್ಮನೇ ಕೊಟ್ಟಳು.

ಶಾಹೀಸ್ತಾ ಅವಳನ್ನು ಬೇವಿನ ಮರದ ನೆರಳಿಗೆ ಕರೆದುಕೊಂಡು ಹೋಗಿ, ಇದೇನು ಮಾಡುತ್ತಿದ್ದೀರಿ ಎಂದು ಕೇಳಿದಳು. ಬಾಣ ಎಳೆದರೆ ನೀರು ಮೇಲಿನಿಂದ ಕೆಳಕ್ಕೆ ಎಂಬುದು ಸಾಬೀತಾಗುತ್ತದೆ, ನ್ಯಾಯ ನಿಮ್ಮ ಕಡೆಗೇ ಇರುತ್ತದೆ, ತಪ್ಪು ತಿದ್ದಿದರೆ ಎಲ್ಲ ಸರಿಯಾಗುತ್ತದಲ್ಲವೇ ಎಂದಳು.

ಸಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಎಲ್ಲಾ ಸರಿ ಇದ್ದಾಗ ನನ್ನ ಗದ್ದಿಗೆ ಎಂದರ ನೀರು ಬಂದಿತ್ತೇನವ್ವಾ?”

ವಿಚಾರಣೆಯಲ್ಲಿ ತಜ್ಞರು, ಈ ಯಂತ್ರಕ್ಕೆ ನಿಜ ಯಾವುದು ಸುಳ್ಳು ಯಾವುದು ತಿಳಿಯುವುದಿಲ್ಲ ಎಂದು ವಾದಿಸಿದರು. ಅಧಿಕಾರಿಗಳು, ಈ ಕಾರಣಕ್ಕೆ ಕೆಲಸದಿಂದ ತೆಗೆಯುವುದಾದರೆ ಎಲ್ಲಿಯವರೆಗೆ ಹೋಗಬೇಕಾದೀತು ಎಂದು ಪ್ರಶ್ನಿಸಿದರು. ಪರಿವರ್ತಕಿಯ ಅಭಿಪ್ರಾಯವೇನೆಂದು ಶಾಹೀಸ್ತಾಳನ್ನು ಕೇಳಿದಾಗ ಅವಳು ಎದ್ದು ನಿಂತು, ಕಿಟಕಿಯ ಆಚೆ ಟ್ರ್ಯಾಕ್ಟರನ್ನೊಮ್ಮೆ ನೋಡಿ, ವಿರೋಧವನ್ನು ಹಾಗೇ ಇಡುವುದು ಒಳ್ಳೆಯದು ಎಂದಳು.

ತಜ್ಞರಿಗೆ ಶಾಲು ಹೊದಿಸಿ ಕಳಿಸಲಾಯಿತು. ಗುರುಬಸವ ಸಾಹೇಬರಿಗೆ ಬಡ್ತಿ ದೊರೆತು ಅವರು ಲಿಂಗಸುಗೂರಿಗೆ ಮರಳಿದರು. ಆ ವರ್ಷ ಸಾಲಗುಂದದಲ್ಲೂ ಬಳಗಾನೂರಿನಲ್ಲೂ ಭತ್ತ ಚೆನ್ನಾಗಿ ಬಂತು. ಶಾಹೀಸ್ತಾಳ ಕೆಲಸ ಕಾಯಂ ಆಯಿತು. ‘ವಿರೋಧ ಸಂರಕ್ಷಣಾಧಿಕಾರಿ’ ಎಂಬ ಹೊಸ ಹುದ್ದೆ. ದಿನಾ ಬೆಳಿಗ್ಗೆ ಅವಳು ಯಂತ್ರ ಚಾಲೂ ಮಾಡಿ, ಬಳಗಾನೂರಿಗೆ ನೀರು ಬಂದಿದೆಯೇ ಎಂದು ಕೇಳುತ್ತಾಳೆ, ಬಂದಿಲ್ಲವೇ ಎಂದೂ ಕೇಳುತ್ತಾಳೆ. ಎರಡಕ್ಕೂ ಸಾಬೀತು ಎಂದು ಬಂದ ಮೇಲೆ, ಎಲ್ಲ ಕ್ರಮಬದ್ಧವಾಗಿದೆ ಎಂದು ಸಹಿ ಹಾಕಿ ಬಾಗಿಲು ತೆರೆಯಿಸುತ್ತಾಳೆ. ಹೊರಗೆ ಜನ ಕಾಯುತ್ತಿರುತ್ತಾರೆ.